ಡಿಸ್ಲೆಕ್ಸಿಯಾ ಮತ್ತು ಚರಿತ್ರೆಯ ಕಲಿಕೆ: ಡಿಜಿಟಲ್ ದೃಶ್ಯ ಸಾಧನಗಳ ಪಾತ್ರ

ಡಿಸ್ಲೆಕ್ಸಿಯಾ ಎಂದರೆ ಬರೆದ ಪದವನ್ನು ತಡವರಿಸದೆ, ತಪ್ಪಿಲ್ಲದೆ ಓದುವುದಕ್ಕೂ ಕಾಗುಣಿತ ಕೆಡದಂತೆ ಬರೆಯುವುದಕ್ಕೂ ಅಡ್ಡಬರುವ, ಮಿದುಳಿನ ಬೆಳವಣಿಗೆಯೊಡನೆಯೇ ಬಂದ ಕಲಿಕೆಯ ತೊಡಕು. ಇದು ಕಣ್ಣು ಕಿವಿಗಳ ದೋಷದಿಂದ ಬರುವುದಲ್ಲ. ಪಾಠ ಸಿಗದೆ ಹೋದದ್ದರಿಂದಾಗಲಿ, ಮಗುವಿನ ಸೋಮಾರಿತನದಿಂದಾಗಲಿ ಬರುವುದಲ್ಲ. ಬುದ್ಧಿಶಕ್ತಿಯ ಎಲ್ಲ ಮಟ್ಟದವರಲ್ಲೂ ಇದು ಕಾಣಿಸುತ್ತದೆ. ಶಾಲಾ ಮಕ್ಕಳಲ್ಲಿ ಶೇ. 5ರಿಂದ 10ರಷ್ಟು ಮಂದಿಗೆ ಇದು ಇರಬಹುದೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅಳೆಯುವ ಗೋಲು ಬದಲಾದರೆ ಅಂಕಿಯೂ ಬದಲಾಗುತ್ತದೆ. ಸರ್ಕಾರಿ ಕಡತಗಳು ಇದನ್ನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ದೊಡ್ಡ ಗುಂಪಿನಲ್ಲಿ ಸೇರಿಸುತ್ತವೆ. ಮನೆಯಲ್ಲೂ ತರಗತಿಯಲ್ಲೂ ಬಹುಕಾಲ ಇದಕ್ಕಿದ್ದ ಹೆಸರು ‘ದಡ್ಡತನ’. ಆ ಹೆಸರು ಮಾಡಿದ ಗಾಯ ಓದಿನ ತೊಡಕಿಗಿಂತ ದೊಡ್ಡದು.

ಓದುವುದು ಕಷ್ಟವಾದರೆ ಎಲ್ಲ ವಿಷಯಗಳೂ ಕಷ್ಟವಾಗುತ್ತವೆ. ಆದರೆ ಗಣಿತಕ್ಕೆ ಅಂಕಿ ಇದೆ, ವಿಜ್ಞಾನಕ್ಕೆ ಪ್ರಯೋಗಾಲಯ ಇದೆ, ಭೂಗೋಳಕ್ಕೆ ನಕ್ಷೆ ಇದೆ. ಚರಿತ್ರೆಗೆ ನಮ್ಮ ಶಾಲೆಗಳಲ್ಲಿ ಉಳಿದಿರುವುದು ಪುಟಗಟ್ಟಲೆ ಗದ್ಯ, ಇಸವಿಗಳ ಪಟ್ಟಿ ಮತ್ತು ಬಾಯಿಪಾಠ. ಕಲ್ಲು, ಲೋಹ, ಚಿತ್ರ, ಊರು, ದಾರಿ ಇವುಗಳಿಂದ ಕಟ್ಟಿದ ಶಾಸ್ತ್ರವೊಂದು ಶಾಲೆಯ ಬಾಗಿಲು ದಾಟುವಷ್ಟರಲ್ಲಿ ಬರೀ ಅಕ್ಷರವಾಗಿಬಿಡುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಸೋಲುವುದು ಆ ಬಾಗಿಲಲ್ಲಿ, ಚರಿತ್ರೆಯಲ್ಲಲ್ಲ.

ಹೆಸರಿನ ಹಿನ್ನೆಲೆ

ಮಾತು, ದೃಷ್ಟಿ ಎರಡೂ ಸರಿಯಿದ್ದು ಓದು ಮಾತ್ರ ಕೈಕೊಡುವ ಸ್ಥಿತಿಯನ್ನು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮೌಲ್ 1877ರಲ್ಲಿ ‘ಪದಗುರುಡು’ ಎಂಬ ಅರ್ಥದ ಪದದಿಂದ ಕರೆದ. ಸ್ಟುಟ್‌ಗಾರ್ಟ್‌ನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ‘ಡಿಸ್ಲೆಕ್ಸಿಯಾ’ ಎಂಬ ಪದವನ್ನು ಬಳಕೆಗೆ ತಂದ; ಈ ಬಗ್ಗೆ ಅವನು ಬರೆದ ಪುಸ್ತಕ ಹೊರಬಂದದ್ದು 1887ರಲ್ಲಿ. ಇವರಿಬ್ಬರ ಗಮನವಿದ್ದದ್ದು ಮಿದುಳಿಗೆ ಪೆಟ್ಟಾಗಿ ಓದು ಕಳೆದುಕೊಂಡ ವಯಸ್ಕರ ಮೇಲೆ. ಮಕ್ಕಳ ಕಡೆಗೆ ನೋಟ ತಿರುಗಿದ್ದು 1896ರ ನವೆಂಬರ್‌ನಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದ. ಹುಡುಗ ಚುರುಕು, ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ, ಆಟದಲ್ಲೂ ಮುಂದು. ಆದರೆ ತನ್ನ ಹೆಸರನ್ನೇ ಬರೆಯುವಾಗ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಿದ್ದ, ಮಾಡಿದ್ದು ಗೊತ್ತೂ ಆಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗಿರುತ್ತಿದ್ದ ಎಂದು ಅವನ ಗುರುಗಳು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾನೆ. ಈ ಲೇಖನದ ಉಳಿದ ಭಾಗವೆಲ್ಲ ಆ ಗುರುಗಳ ಮಾತಿನ ವಿಸ್ತರಣೆ ಎಂದರೆ ತಪ್ಪಾಗದು.

ಗ್ಲಾಸ್ಗೋದ ನೇತ್ರ ಶಸ್ತ್ರವೈದ್ಯ ಜೇಮ್ಸ್ ಹಿನ್‌ಶೆಲ್‌ವುಡ್ ಇಂಥ ಹಲವು ಪ್ರಕರಣಗಳನ್ನು ಕೂಡಿಸಿ 1917ರಲ್ಲಿ ಪುಸ್ತಕ ಬರೆದ. 1920 ಮತ್ತು 30ರ ದಶಕಗಳಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್, ಅವನ ಜೊತೆಗೆ ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್, ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ತೊಡಗಿಸಿ ಅಕ್ಷರ ಕಲಿಸುವ ಕ್ರಮವನ್ನು ರೂಪಿಸಿದರು. ಇಂದಿಗೂ ವಿಶೇಷ ಶಿಕ್ಷಕರ ತರಬೇತಿಯಲ್ಲಿ ಅವರಿಬ್ಬರ ಹೆಸರು ಜೋಡಿಯಾಗಿ ಕೇಳಿಬರುತ್ತದೆ.

ತೊಡಕು ಇರುವುದೆಲ್ಲಿ

ಮೊದಲ ಸಂಶೋಧಕರಲ್ಲಿ ಹಲವರು ಕಣ್ಣಿನ ವೈದ್ಯರಾದದ್ದರಿಂದ, ಮಗುವಿಗೆ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ ಎಂಬ ನಂಬಿಕೆ ಬೇರೂರಿತು; ಸಿನಿಮಾಗಳೂ ಅದನ್ನೇ ತೋರಿಸಿದವು. 1970ರ ದಶಕದಿಂದೀಚೆಗೆ ನಡೆದ ಕೆಲಸ ಬೇರೆಯದನ್ನು ಹೇಳುತ್ತದೆ. ಡಿಸ್ಲೆಕ್ಸಿಯಾ ಇರುವ ಬಹುಪಾಲು ಮಕ್ಕಳಲ್ಲಿ ತೊಡಕಿರುವುದು ಕಾಣುವುದರಲ್ಲಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ, ನೆನಪಿನಲ್ಲಿಟ್ಟು, ಅಕ್ಷರಕ್ಕೆ ಹೊಂದಿಸುವುದರಲ್ಲಿ. ಓದು ಪಳಗಿದವರ ಮಿದುಳಿನ ಎಡಭಾಗದಲ್ಲಿ, ಹಿಂಬದಿಗೆ, ಅಕ್ಷರರೂಪವನ್ನು ತಟ್ಟನೆ ಗುರುತಿಸುವ ಒಂದು ಜಾಗ ಬೆಳೆದಿರುತ್ತದೆ. ಫ್ರಾನ್ಸಿನ ಸ್ಟಾನಿಸ್ಲಾಸ್ ದಹಾನ್ ಮತ್ತು ಲೊರಾಂ ಕೊಎನ್ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಡಿಸ್ಲೆಕ್ಸಿಯಾ ಇರುವವರಲ್ಲಿ ಈ ಭಾಗವೂ ಧ್ವನಿಯನ್ನು ಅಕ್ಷರಕ್ಕೆ ಬೆಸೆಯುವ ಭಾಗಗಳೂ ಓದುವಾಗ ಕಡಿಮೆ ಚುರುಕಾಗಿರುತ್ತವೆ. ಇದು ವಂಶದಲ್ಲಿ ಹರಿದುಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಗುವಿಗೆ ಬರುವ ಸಂಭವ ಹೆಚ್ಚು.

ಭಾಷೆ ಬದಲಾದರೆ ತೊಡಕಿನ ಮುಖವೂ ಬದಲಾಗುತ್ತದೆ. ಬರೆದಂತೆ ಓದುವ ಇಟಾಲಿಯನ್, ಜರ್ಮನ್ ಭಾಷೆಗಳಲ್ಲಿ ತಪ್ಪು ಕಡಿಮೆ, ನಿಧಾನ ಹೆಚ್ಚು. ಇಂಗ್ಲಿಷಿನಲ್ಲಿ ಎರಡೂ ಹೆಚ್ಚು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಮಾತನಾಡುವ ಡಿಸ್ಲೆಕ್ಸಿಯಾ ಉಳ್ಳವರನ್ನು ಹೋಲಿಸಿ, ಓದಿನ ಮಟ್ಟ ಬೇರೆಬೇರೆಯಾದರೂ ಮಿದುಳಿನಲ್ಲಿ ಚುರುಕು ತಗ್ಗಿದ ಜಾಗ ಒಂದೇ ಎಂದು ತೋರಿಸಿತು.

ಕನ್ನಡ ಲಿಪಿಯಲ್ಲಿ

‘ಕನ್ನಡ ಬರೆದಂತೆ ಓದುವ ಭಾಷೆ, ಇದರಲ್ಲಿ ಡಿಸ್ಲೆಕ್ಸಿಯಾ ಇರಲಾರದು’ ಎಂಬ ಮಾತು ಆಗಾಗ ಕೇಳಿಸುತ್ತದೆ. ಅದು ನಿಜವಲ್ಲ. ಮೈಸೂರಿನಲ್ಲಿ ಎಸ್. ರಮಾ 1980ರ ದಶಕದಿಂದಲೇ ಕನ್ನಡ ಓದುವ ಮಕ್ಕಳಲ್ಲಿ ಇದನ್ನು ಅಧ್ಯಯನ ಮಾಡಿದರು. ಬೆಂಗಳೂರಿನಲ್ಲಿ ಸೋನಾಲಿ ನಾಗ್ ನಡೆಸಿದ ಸಂಶೋಧನೆ ಇನ್ನೊಂದು ಮುಖ್ಯ ಸಂಗತಿಯನ್ನು ಬೆಳಕಿಗೆ ತಂದಿತು: ಇಂಗ್ಲಿಷ್ ಮಗು 26 ಅಕ್ಷರಗಳನ್ನು ಒಂದೆರಡು ವರ್ಷದಲ್ಲಿ ಕಲಿತು ಮುಗಿಸಿದರೆ, ಕನ್ನಡ ಮಗುವಿನ ಅಕ್ಷರ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಕಾರಣ ಸ್ಪಷ್ಟ. ವರ್ಣಮಾಲೆ 49 ಅಕ್ಷರಗಳಿಗೆ ನಿಲ್ಲುವುದಿಲ್ಲ. ಅದರ ಮೇಲೆ ಗುಣಿತಾಕ್ಷರ, ಅದರ ಕೆಳಗೆ ಒತ್ತಕ್ಷರ. ದ, ಧ, ಥ ಇವುಗಳ ನಡುವೆ ಇರುವುದು ಒಂದು ಸೀಳು ಅಥವಾ ಒಂದು ಚುಕ್ಕೆ. ಪ, ಷ, ಫ ನೋಡಲು ಅಣ್ಣತಮ್ಮಂದಿರು.

ಅರ್ಕಾವೊತ್ತನ್ನು ಗಮನಿಸಿ. ‘ಕರ್ನಾಟಕ’ ಎಂದು ಬರೆಯುವಾಗ ‘ನಾ’ಕ್ಕೆ ಮೊದಲು ಉಚ್ಚರಿಸುವ ‘ರ್’ ಕಣ್ಣಿಗೆ ಬೀಳುವುದು ‘ನಾ’ ಆದಮೇಲೆ. ಕಣ್ಣು ಮುಂದೆ ಹೋಗಿ, ಮನಸ್ಸು ಹಿಂದಕ್ಕೆ ಬಂದು, ಧ್ವನಿಯನ್ನು ಮರುಜೋಡಿಸಬೇಕು. ಓದು ಪಳಗಿದವರಿಗೆ ಇದು ಅರಿವಿಗೇ ಬರುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಪ್ರತಿಸಲವೂ ಇದು ಹೊಸದಾಗಿ ಬಿಡಿಸಬೇಕಾದ ಲೆಕ್ಕ.

ಚರಿತ್ರೆಯ ಪುಟ ಏಕೆ ಭಾರ

ಈಗ ಏಳನೆಯ ಅಥವಾ ಎಂಟನೆಯ ತರಗತಿಯ ಚರಿತ್ರೆಯ ಪಾಠವೊಂದನ್ನು ತೆರೆದರೆ ಎದುರಾಗುವ ಪದಗಳು ಇವು: ರಾಷ್ಟ್ರಕೂಟ, ದಂತಿದುರ್ಗ, ಅಮೋಘವರ್ಷ, ಹರ್ಷವರ್ಧನ, ವಿಷ್ಣುವರ್ಧನ, ಶ್ರೀಕೃಷ್ಣದೇವರಾಯ, ಸಾಮ್ರಾಜ್ಯ, ಸಾಮಂತ, ದಂಡಯಾತ್ರೆ. ‘ಹರ್ಷವರ್ಧನ’ದಲ್ಲಿ ಎರಡು ಅರ್ಕಾವೊತ್ತು. ‘ರಾಷ್ಟ್ರಕೂಟ’ದಲ್ಲಿ ಒಂದರ ಕೆಳಗೊಂದು ಎರಡು ಒತ್ತು. ಮನೆಮಾತಿನಲ್ಲಿ ಈ ಪದಗಳು ಒಮ್ಮೆಯೂ ಕಿವಿಗೆ ಬಿದ್ದಿರುವುದಿಲ್ಲವಾದ್ದರಿಂದ ಊಹಿಸಿ ಓದುವ ದಾರಿಯೂ ಮುಚ್ಚಿರುತ್ತದೆ. ಲಿಪಿಯ ಅತಿ ಕಠಿಣ ಪದಗಳೆಲ್ಲ ಒಂದೇ ವಿಷಯದಲ್ಲಿ ಬಂದು ಕೂತಿವೆ. ಚರಿತ್ರೆಯ ಪಾಠ ಬರೆಯುವವರು ಈ ಒಂದು ಸಂಗತಿಯನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ಈ ಲೇಖಕರ ಅಭಿಪ್ರಾಯ.

ಹೆಸರುಗಳ ಜೊತೆಗೆ ಕ್ರಮದ ತೊಂದರೆ. ಇಸವಿಗಳನ್ನು ಸಾಲಾಗಿ ನೆನಪಿಡುವುದಕ್ಕೆ ಬೇಕಾದ ಅಲ್ಪಾವಧಿ ನೆನಪು ಈ ಮಕ್ಕಳಲ್ಲಿ ಹಲವರಿಗೆ ಬೇಗ ತುಂಬಿಹೋಗುತ್ತದೆ. 634 ಎಂಬುದು 643 ಆಗುತ್ತದೆ. ಕ್ರಿ.ಪೂ. ಇಸವಿಗಳನ್ನು ಹಿಮ್ಮುಖವಾಗಿ ಎಣಿಸುವುದು ಇನ್ನೊಂದು ಸುತ್ತು. ಬಾದಾಮಿ ಚಾಲುಕ್ಯರಲ್ಲಿ ಒಬ್ಬ ಇಮ್ಮಡಿ ವಿಕ್ರಮಾದಿತ್ಯ, ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ. ಪುಟದ ಮೇಲೆ ಇಬ್ಬರೂ ಒಂದೇ ಉದ್ದದ ಒಂದೇ ಪದ. ಇದರ ಮೇಲೆ ಶಿಕ್ಷಕರು ಹೇಳಿದ್ದನ್ನು ಕೇಳುತ್ತಾ ಟಿಪ್ಪಣಿ ಬರೆದುಕೊಳ್ಳುವ ಕೆಲಸ. ಬರೆಯುವುದರಲ್ಲೇ ಶಕ್ತಿಯೆಲ್ಲ ಸೋರಿಹೋಗಿ, ಯುದ್ಧ ಯಾಕೆ ಆಯಿತು ಎಂದು ಯೋಚಿಸಲು ಏನೂ ಉಳಿಯುವುದಿಲ್ಲ.

ಚಿತ್ರದ ದಾರಿ

ಕಾಲವನ್ನು ಗೆರೆಯಾಗಿ ಎಳೆದು ತೋರಿಸುವುದು ಕಂಪ್ಯೂಟರಿಗಿಂತ ತುಂಬ ಹಳೆಯದು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಸುಮಾರು 2000 ಮಂದಿ ಪ್ರಸಿದ್ಧರ ಜೀವಿತಾವಧಿಯನ್ನು ಒಂದೇ ಹಾಳೆಯಲ್ಲಿ ಅಡ್ಡಗೆರೆಗಳಾಗಿ ಎಳೆದ. ಯಾರು ಯಾರ ಸಮಕಾಲೀನರು ಎಂಬುದು ಓದದೆಯೇ ಕಾಣುತ್ತಿತ್ತು. ಫ್ರಾನ್ಸಿನ ಚಾರ್ಲ್ಸ್ ಮಿನಾರ್ 1869ರಲ್ಲಿ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯನ್ನು ದಪ್ಪದಿಂದ ಸಣ್ಣಗಾಗುತ್ತಾ ಹೋಗುವ ಪಟ್ಟಿಯಾಗಿ ಬರೆದ. ಸೈನ್ಯ ಕರಗಿದ್ದನ್ನು ಕಣ್ಣು ಒಂದೇ ನೋಟದಲ್ಲಿ ಹಿಡಿಯುತ್ತದೆ. ಇಂದಿನ ಡಿಜಿಟಲ್ ಕಾಲರೇಖೆಗಳು ಇವುಗಳ ಮಕ್ಕಳು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ರೂಪಿಸಿದ ‘ಟೈಮ್‌ಲೈನ್ ಜೆಎಸ್’ ಉಚಿತ ಸಾಧನ. ಕೋಷ್ಟಕವೊಂದರಲ್ಲಿ ಇಸವಿ, ಚಿತ್ರ, ಒಂದೆರಡು ಸಾಲು ತುಂಬಿದರೆ ಸರಿಸಿ ನೋಡುವ ಕಾಲರೇಖೆ ಸಿದ್ಧ.

ಚಿತ್ರ ಏಕೆ ನೆರವಾಗುತ್ತದೆ ಎಂಬುದಕ್ಕೆ ಕೆನಡಾದ ಮನೋವಿಜ್ಞಾನಿ ಆಲನ್ ಪೈವಿಯೊ 1971ರಲ್ಲಿ ಒಂದು ವಿವರಣೆ ಕೊಟ್ಟ: ಮಾತು ಮತ್ತು ಚಿತ್ರ ಮನಸ್ಸಿನಲ್ಲಿ ಎರಡು ಬೇರೆ ದಾರಿಗಳಲ್ಲಿ ಉಳಿಯುತ್ತವೆ, ಎರಡೂ ಕೂಡಿದರೆ ನೆನಪು ಗಟ್ಟಿ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ನಂತರ ನಡೆಸಿದ ಪ್ರಯೋಗಗಳು ಚಿತ್ರದ ಜೊತೆಗೆ ಬರಹಕ್ಕಿಂತ ದನಿ ಕೂಡಿದಾಗ ಕಲಿಕೆ ಸಲೀಸು ಎಂದು ತೋರಿಸಿದವು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದರ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ತೊಡಕಿರುವುದೇ ಬರಹದಲ್ಲಿ.

ಒಂದು ಪಾಠವನ್ನು ಬಿಡಿಸಿ ನೋಡೋಣ. ಐಹೊಳೆಯ ಮೇಗುತಿ ಬಸದಿಯಲ್ಲಿ ಕವಿ ರವಿಕೀರ್ತಿಯ ಶಾಸನ, ಕ್ರಿ.ಶ. 634: ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಹೊಗಳಿಕೆ ಅದರಲ್ಲಿದೆ. ಎಂಟೇ ವರ್ಷ ಕಳೆದು 642ರಲ್ಲಿ ಪಲ್ಲವರ ಒಂದನೆಯ ನರಸಿಂಹವರ್ಮ ಚಾಲುಕ್ಯರ ಬಾದಾಮಿಯನ್ನು (ಆಗಿನ ವಾತಾಪಿ) ಗೆದ್ದು, ಅಲ್ಲಿನ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿ, ‘ವಾತಾಪಿಕೊಂಡ’ ಎಂಬ ಬಿರುದು ಧರಿಸಿದ. ಸುಮಾರು ನೂರು ವರ್ಷಗಳ ನಂತರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಹೊಕ್ಕ. ಆದರೆ ನಗರವನ್ನು ಹಾಳುಗೆಡವಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದ್ದನ್ನು ಅಲ್ಲಿಯೇ ಕನ್ನಡದಲ್ಲಿ ಕೆತ್ತಿಸಿದ್ದಾನೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು.

ಇದನ್ನು ಎರಡು ಪುಟ ಗದ್ಯವಾಗಿ ಕೊಟ್ಟರೆ ಮಗು ಮೊದಲ ಹೆಸರಿನಲ್ಲೇ ನಿಂತುಬಿಡುತ್ತದೆ. ಬದಲಿಗೆ ಗೂಗಲ್ ಅರ್ಥ್‌ನಲ್ಲಿ ಬಾದಾಮಿಯಿಂದ ಕಂಚಿಗೆ ಬೆರಳಿನಿಂದ ಗೆರೆ ಎಳೆಯಲಿ. ನೇರ ಅಳೆದರೂ 500 ಕಿಲೋಮೀಟರಿಗೂ ಹೆಚ್ಚು. ಆನೆ, ಕುದುರೆ, ಕಾಲಾಳು ಅಷ್ಟು ದೂರ ಹೋದದ್ದೆಂದರೆ ಏನೆಂದು ನಕ್ಷೆಯೇ ಹೇಳುತ್ತದೆ. ಕಾಲರೇಖೆಯಲ್ಲಿ ಚಾಲುಕ್ಯರದ್ದು ಒಂದು ಬಣ್ಣ, ಪಲ್ಲವರದ್ದು ಇನ್ನೊಂದು. 634, 642, ನಂತರ ಉದ್ದನೆಯ ಖಾಲಿ ಜಾಗ, ಆಮೇಲೆ ಕಂಚಿ. ಆ ಖಾಲಿ ಜಾಗದ ಉದ್ದವೇ ನೂರು ವರ್ಷ. ಕೊನೆಗೆ ಕಂಚಿಯ ಕೈಲಾಸನಾಥ ಮತ್ತು ಪಟ್ಟದಕಲ್ಲಿನ ವಿರೂಪಾಕ್ಷ, ಎರಡರ ಚಿತ್ರಗಳನ್ನು ಅಕ್ಕಪಕ್ಕ ಇಡಬೇಕು. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಹೋಲಿಕೆಯನ್ನು ಮಗು ತಾನೇ ಕಂಡುಹಿಡಿದು, ‘ನೋಡಿ ಬಂದದ್ದನ್ನೇ ಕಟ್ಟಿದ್ದಾರೆ’ ಎನ್ನುವ ಹೊತ್ತಿಗೆ ಅದು ಚರಿತ್ರಕಾರನ ಕೆಲಸವನ್ನೇ ಮಾಡಿರುತ್ತದೆ. ಇಲ್ಲಿ ಚಿತ್ರ ಪಾಠಕ್ಕೆ ಅಲಂಕಾರವಲ್ಲ, ಆಧಾರ.

ಹಂಪಿ ಇನ್ನೊಂದು ಬಗೆಯ ಪಾಠ ಕೊಡುತ್ತದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಅದೇ ಕೋನದಿಂದ ಮತ್ತೆ ತೆಗೆದರು. ಒಂದರ ಮೇಲೊಂದು ಇಟ್ಟು ನಡುವಿನ ಗೆರೆಯನ್ನು ಎಳೆದಾಡುವ ಸೌಲಭ್ಯ ಈಗ ಸಾಮಾನ್ಯ. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಈಗಿಲ್ಲ. 2017ರಿಂದ ಚಲಾವಣೆಯಲ್ಲಿರುವ 50 ರೂಪಾಯಿ ನೋಟಿನ ಹಿಂಬದಿಯ ರಥದಲ್ಲೂ ಇಲ್ಲ. ಜೇಬಿನಲ್ಲಿರುವ ನೋಟನ್ನು ಹಳೆಯ ಚಿತ್ರದ ಪಕ್ಕ ಹಿಡಿದು ‘ಮೇಲಿದ್ದದ್ದು ಎಲ್ಲಿ ಹೋಯಿತು?’ ಎಂದು ಕೇಳುವ ಮಗುವಿಗೆ ಒಂದು ಒತ್ತಕ್ಷರವೂ ಅಡ್ಡ ಬಂದಿರುವುದಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಡಿಜಿಟಲ್ ಹಂಪಿ’ ಯೋಜನೆ ದೇವಾಲಯಗಳ ಮೂರು ಆಯಾಮದ ಮಾದರಿಗಳನ್ನೂ ಭಿತ್ತಿಚಿತ್ರಗಳ ಡಿಜಿಟಲ್ ರೂಪಗಳನ್ನೂ ಕಟ್ಟುವ ಕೆಲಸ ಮಾಡಿತು.

ಕರ್ನಾಟಕಕ್ಕೆ ಇದರಲ್ಲಿ ಹಳೆಯ ಪರಂಪರೆಯೇ ಇದೆ. ಊರೂರಲ್ಲಿ ನಿಂತಿರುವ ವೀರಗಲ್ಲುಗಳು ಓದಲು ಬಾರದವರಿಗೂ ಚರಿತ್ರೆ ಹೇಳುತ್ತಿದ್ದವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ: ಕೆಳಗಿನಿಂದ ಮೇಲಕ್ಕೆ ಓದುವ ಕತೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಕಲ್ಲು, ಸುಮಾರು 949ರದು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ಕಲ್ಲಿನ ತಲೆಯಲ್ಲಿ ನಾಯಿಯೂ ಹಂದಿಯೂ ಎದುರುಬದುರು ಇವೆ. ಬೇಗೂರಿನ ಸುಮಾರು 890ರ ಶಾಸನ ‘ಬೆಂಗಳೂರು’ ಎಂಬ ಹೆಸರು ಕಾಣಿಸುವ ಅತಿ ಹಳೆಯ ದಾಖಲೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಇಂಥ ಮಾದರಿಯನ್ನು ಪರದೆಯ ಮೇಲೆ ತಿರುಗಿಸಿ, ಬೆಳಕು ಬೀಳುವ ದಿಕ್ಕು ಬದಲಿಸಿದರೆ, ಬಿಸಿಲಿನಲ್ಲಿ ಕಾಣದ ಗೆರೆಗಳು ಏಳುತ್ತವೆ.

ಬೇರೆ ದೇಶಗಳ ಸಾಧನಗಳೂ ಕೈಗೆಟಕುತ್ತವೆ. 2011ರಲ್ಲಿ ಶುರುವಾದ ‘ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್’ ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ತೆರೆದಿಟ್ಟಿದೆ. ‘ಅಸಾಸಿನ್ಸ್ ಕ್ರೀಡ್’ ಆಟದ ಕಂಪನಿ 2018ರಲ್ಲಿ ಕಾದಾಟವನ್ನೆಲ್ಲ ತೆಗೆದು ಪ್ರಾಚೀನ ಈಜಿಪ್ಟಿನಲ್ಲಿ ಸುಮ್ಮನೆ ನಡೆದಾಡುವ ಆವೃತ್ತಿಯನ್ನು ಶಾಲೆಗಳನ್ನೂ ಗಮನದಲ್ಲಿಟ್ಟು ಬಿಡುಗಡೆ ಮಾಡಿತು.

ದನಿ, ಅಕ್ಷರ, ಫಾಂಟು

ದೃಶ್ಯ ಒಂದೇ ಸಾಲದು. ಹೆಸರುಗಳನ್ನು ಕಿವಿಗೆ ಹಾಕುವ ಕೆಲಸವೂ ಆಗಬೇಕು. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗ ಸಾಮಾನ್ಯ ಮೊಬೈಲಿನಲ್ಲೂ ಕನ್ನಡಕ್ಕೆ ಸಿಗುತ್ತದೆ. ಇಂಥ ಸಾಧನಗಳ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು, ಓದಿನ ತೊಡಕಿರುವವರು ವಿಷಯ ಗ್ರಹಿಸುವುದಕ್ಕೆ ಇವುಗಳಿಂದ ಸಣ್ಣದಾದರೂ ಲಾಭವಿದೆ ಎಂದಿತು.

ಕನ್ನಡದಲ್ಲಿ ಇದಕ್ಕೆ ಒಂದು ಹಳೆಯ ಅಡ್ಡಿ ಇದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ಪುಸ್ತಕೋದ್ಯಮ ಬಹುಕಾಲ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಅಚ್ಚು ಜೋಡಿಸಿತು. ಹಾಗೆ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಡ್ಡೆ. ಮೊಬೈಲು ಅದನ್ನು ಓದಲಾರದು. ಮಗುವಿನ ಕೈಗೆ ಕೊಡುವ ಪಾಠ ಯೂನಿಕೋಡ್‌ನಲ್ಲಿ ಇದೆಯೇ ಎಂದು ನೋಡುವುದು ಸಣ್ಣ ಕೆಲಸ, ಫಲ ದೊಡ್ಡದು. ಮುದ್ರಿತ ಪುಸ್ತಕ ಓದಲಾಗದವರಿಗೆ ಬೇರೆ ರೂಪದಲ್ಲಿ ಪುಸ್ತಕ ಒದಗಿಸಲು ಹಕ್ಕುಸ್ವಾಮ್ಯದ ಅಡ್ಡಿ ತೆಗೆದ 2013ರ ಮರಾಕೇಶ್ ಒಪ್ಪಂದ ಡಿಸ್ಲೆಕ್ಸಿಯಾ ಇರುವವರಿಗೂ ಅನ್ವಯಿಸುತ್ತದೆ. ಅದನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಆರಂಭವಾಯಿತು.

ಡಿಸ್ಲೆಕ್ಸಿಯಾಗೆಂದೇ ಮಾಡಿದ ಫಾಂಟುಗಳ ಬಗ್ಗೆ ಪ್ರಚಾರ ಹೆಚ್ಚು, ಪುರಾವೆ ಕಡಿಮೆ. 2008ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ರೂಪುಗೊಂಡ ಅಂಥ ಒಂದು ಫಾಂಟನ್ನು ನಂತರ ಪರೀಕ್ಷಿಸಿದಾಗ, ಅಕ್ಷರಗಳ ನಡುವಿನ ಅಂತರವನ್ನು ಸಮ ಮಾಡಿದರೆ ಲಾಭ ಮಾಯವಾಯಿತು. ನೆರವಾಗುವುದು ಅಂತರ. ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದ 2012ರ ಅಧ್ಯಯನ ಅಕ್ಷರಗಳನ್ನು ಬಿಡಿಯಾಗಿ ಇಟ್ಟಾಗ ಓದು ಸುಧಾರಿಸುವುದನ್ನು ಕಂಡಿತು. ಕನ್ನಡಕ್ಕೆ ಸಾಲುಗಳ ನಡುವಿನ ಅಂತರವೂ ಅಷ್ಟೇ ಮುಖ್ಯವೆಂದು ತೋರುತ್ತದೆ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುವಂತೆ ಅಚ್ಚುಮಾಡಿದ ಪುಟ ಯಾವ ಮಗುವಿಗೂ ಹಿತವಲ್ಲ. ಬಣ್ಣದ ಕನ್ನಡಕ, ಬಣ್ಣದ ಹಾಳೆ ಡಿಸ್ಲೆಕ್ಸಿಯಾವನ್ನು ವಾಸಿಮಾಡುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅವುಗಳಿಗೆ ಹಣ ಸುರಿಯುವ ತಂದೆತಾಯಿಗಳಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಎಚ್ಚರಗಳು

ಚಿತ್ರ ಚರಿತ್ರೆಯನ್ನು ಕಲಿಸಬಲ್ಲದು, ಓದನ್ನು ಕಲಿಸಲಾರದು. ಧ್ವನಿ ಮತ್ತು ಅಕ್ಷರಗಳ ಸಂಬಂಧವನ್ನು ಹಂತಹಂತವಾಗಿ, ಮತ್ತೆಮತ್ತೆ ಕಲಿಸುವ ಪಾಠ ಬೇರೆಯಾಗಿ ನಡೆಯುತ್ತಲೇ ಇರಬೇಕು. ಕೆಲವು ಮಕ್ಕಳು ‘ದೃಶ್ಯ ಕಲಿಕೆಯವರು’, ಕೆಲವರು ‘ಶ್ರವಣ ಕಲಿಕೆಯವರು’ ಎಂಬ ವಿಂಗಡಣೆ ತರಬೇತಿ ಶಿಬಿರಗಳಲ್ಲಿ ಜನಪ್ರಿಯ; 2008ರ ಒಂದು ವ್ಯಾಪಕ ಪರಿಶೀಲನೆ ಅದಕ್ಕೆ ತಕ್ಕ ಪುರಾವೆ ಇಲ್ಲವೆಂದಿತು. ಡಿಸ್ಲೆಕ್ಸಿಯಾ ಇರುವವರೆಲ್ಲ ಚಿತ್ರಪ್ರತಿಭೆಯವರು ಎಂಬ ಮಾತೂ ಹಾಗೆಯೇ. ಅದು ಸಮಾಧಾನಕ್ಕೆ ಹೇಳುವ ಮಾತಾದರೂ, ಚಿತ್ರ ಬಾರದ ಮಗುವಿನ ಮೇಲೆ ಎರಡನೆಯ ಹೊರೆ.

ಪರದೆ ತುಂಬಿದಷ್ಟೂ ಕಲಿಕೆ ಕುಗ್ಗುತ್ತದೆ. ಹಿನ್ನೆಲೆ ಸಂಗೀತ, ಮಿನುಗುವ ಬಟನ್ನು, ಸರಿದಾಡುವ ಅಕ್ಷರ ಇವು ಮೊದಲೇ ದಣಿದ ಗಮನವನ್ನು ಚೂರುಮಾಡುತ್ತವೆ. ಕೆಲವು ವೀಡಿಯೊ ಪಾಠಗಳು ಪುಸ್ತಕದ ಪುಟವನ್ನೇ ಪರದೆಗೆ ಏರಿಸಿ ಓದುತ್ತವೆ. ಅಲ್ಲಿ ಮಗುವಿಗೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ.

ಈಚಿನ ಅಪಾಯ ಇನ್ನೊಂದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಪುಲಿಕೇಶಿಯ ಮುಖವನ್ನೂ ತಾಳಿಕೋಟೆಯ ಯುದ್ಧರಂಗವನ್ನೂ ಕ್ಷಣದಲ್ಲಿ ಸೃಷ್ಟಿಸಿ ಕೊಡುತ್ತವೆ. ಅವು ಛಾಯಾಚಿತ್ರದಂತೆ ಕಾಣುತ್ತವೆ, ಆಧಾರ ಮಾತ್ರ ಇರುವುದಿಲ್ಲ. ಓದಿ ಸರಿನೋಡುವುದು ಕಷ್ಟವಿರುವ ಮಗು ಚಿತ್ರವನ್ನೇ ನಂಬುತ್ತದೆ. ಆದ್ದರಿಂದ ಸುಳ್ಳು ಚಿತ್ರ ಆ ಮಗುವಿಗೆ ಮಾಡುವ ಮೋಸ ಹೆಚ್ಚಿನದು. ಪ್ರತಿ ಚಿತ್ರವೂ ಯಾವ ಕಾಲದ್ದು, ಯಾರು ಮಾಡಿದ್ದು, ಎಲ್ಲಿದೆ ಎಂಬ ಮೂರು ಮಾತನ್ನು ದನಿಯಲ್ಲಿ ಜೋಡಿಸಿಯೇ ಕೊಡಬೇಕು.

ಕಾನೂನು, ಗುರುತಿಸುವಿಕೆ, ಪರೀಕ್ಷೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿ, ಅದನ್ನು ಬೇಗ ಗುರುತಿಸಿ ತಕ್ಕ ಕಲಿಕಾ ಕ್ರಮ ಒದಗಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆ ಎಂದಿತು. 2017ರ ಏಪ್ರಿಲ್ 19ರಿಂದ ಇದು ಜಾರಿಯಲ್ಲಿದೆ. ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಹೊರಡಿಸಿದ 2018ರ ಮಾರ್ಗಸೂಚಿ, ಬರಹಗಾರರ ನೆರವು ಪಡೆಯಲು ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಲು ಹೇಳಿತು. ಕರ್ನಾಟಕದಲ್ಲಿ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಮುಖ ಕೇಂದ್ರಗಳು. ಈ ಎರಡೂ ಊರುಗಳಿಂದ ದೂರವಿರುವ ಮಗುವನ್ನು ಮೊದಲು ಗಮನಿಸಬೇಕಾದವರು ತರಗತಿಯ ಶಿಕ್ಷಕರೇ: ಬಾಯಲ್ಲಿ ಚೆನ್ನಾಗಿ ಹೇಳುವ, ಉಕ್ತಲೇಖನದಲ್ಲಿ ಮಾತ್ರ ಸೋಲುವ ಮಗು ಕಣ್ಣಿಗೆ ಬೀಳಬೇಕು.

ದೃಶ್ಯದಲ್ಲಿ ಕಲಿಸಿ ಬರಹದಲ್ಲಿ ಮಾತ್ರ ಪರೀಕ್ಷಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆರು ಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಹಾಗೆ ಜೋಡಿಸಿದ್ದೇಕೆಂದು ಮೊಬೈಲಿನಲ್ಲಿ ಮಾತಾಡಿ ದಾಖಲಿಸುವುದು, ಖಾಲಿ ನಕ್ಷೆಯಲ್ಲಿ ದಂಡಯಾತ್ರೆಯ ದಾರಿ ಗುರುತಿಸುವುದು, ಎರಡು ದೇವಾಲಯಗಳ ಹೋಲಿಕೆಯನ್ನು ಬಾಯಲ್ಲಿ ವಿವರಿಸುವುದು ಇವೆಲ್ಲ ಶಾಲೆಯ ಒಳಗಿನ ಪರೀಕ್ಷೆಗಳಲ್ಲಿ ಇಂದೇ ಮಾಡಬಹುದಾದವು. ಬರೆದ ಉತ್ತರವನ್ನು ನೋಡುವಾಗಲೂ ಕಾಗುಣಿತವನ್ನೂ ವಿಷಯವನ್ನೂ ಬೇರೆಬೇರೆಯಾಗಿ ತೂಗಬೇಕು. ಮಗು ‘ವಿಕರಮದಿತ ಕಂಚಿಗೆ ಹೋಗಿ ದೇವರ ಚಿನ ವಾಪಸು ಕೊಟ’ ಎಂದು ಬರೆದಿದ್ದರೆ, ಆ ಉತ್ತರಕ್ಕೆ ಚರಿತ್ರೆಯಲ್ಲಿ ಪೂರ್ತಿ ಅಂಕ.